ಬಣ್ಣವಿಲ್ಲದ ಔಷಧಿ

ದೇವಪ್ಪನನ್ನು ನಾನು ಮೊದಲು ಕಂಡದ್ದು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಶಾಲೆಗೆ ವರ್ಗವಾಗಿ ಬಂದ ವಾರ. ಪಕ್ಕದ ತೋಟದ ಅಡಿಕೆಮರದ ತುದಿಯಲ್ಲಿ ಕುಳಿತು ಅವನು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ನೀರು ಹೊಡೆಯುತ್ತಿದ್ದ. ಹನಿಗಳು ನನ್ನ ಬಿಳಿ ಅಂಗಿಯ ಮೇಲೆ ಬಿದ್ದವು. ಇಳಿದು ಬಂದವನ ರೆಪ್ಪೆಗಳೂ ನೀಲಿಯಾಗಿದ್ದವು.

"ಎಷ್ಟು ಒಗೆದ್ರೂ ಹೋಗದಿಲ್ಲ ಮೇಷ್ಟ್ರೇ," ಎಂದು ನಕ್ಕ. "ನೀಲಿ ಕಂಡ್ರೇನೇ ಔಷಧಿ ಬಿತ್ತು ಅಂತ ಲೆಕ್ಕ."

ಮೂವತ್ತು ವರ್ಷ ಅವನು ಊರವರ ಮರಗಳಿಗೆಲ್ಲ ಔಷಧಿ ಹೊಡೆದ. ಭುಜ ಸೋತ ಮೇಲೆ ಮರ ಹತ್ತುವುದನ್ನು ಬಿಟ್ಟ. ಆಮೇಲೆ ಅವನಿಗೂ ಹೆಂಡತಿ ವೆಂಕಮ್ಮನಿಗೂ ಮನೆಯ ಹಿಂದಿನ ನಲವತ್ತು ವೀಳ್ಯದ ಬಳ್ಳಿಗಳೇ ಆಧಾರ. ಎಲೆಗಳನ್ನು ಕಟ್ಟು ಕಟ್ಟಿ ವೆಂಕಮ್ಮ ಕೊಪ್ಪದ ಸಂತೆಗೆ ಒಯ್ಯುತ್ತಿದ್ದಳು.

ಮೂರು ವರ್ಷದ ಕೆಳಗೆ ಆ ಎಲೆಗಳ ಮೇಲೆ ನೀರಿಳಿದಂಥ ಚುಕ್ಕಿಗಳು ಬಿದ್ದವು. ಎಲೆಗಳು ಕಪ್ಪಾಗಿ ಉದುರತೊಡಗಿದವು. ಹಾಗೇ ಬಾಯಿಗೆ ಹಾಕುವ ಎಲೆಗೆ ಮೈಲುತುತ್ತ ಹೊಡೆಯುವಂತಿಲ್ಲ. ಸಸ್ಯರೋಗಗಳ ವಿಷಯ ಓದಿದ ನನ್ನ ಹಳೆಯ ವಿದ್ಯಾರ್ಥಿನಿ ಚೈತ್ರಳನ್ನು ನಾನೇ ಕರೆದುಕೊಂಡು ಹೋದೆ. ಅವಳು ಒಂದು ಪೊಟ್ಟಣ ಪುಡಿ ಕೊಟ್ಟಳು.

"ಇದ್ರಲ್ಲಿ ಜೀವ ಇರೋ ಬ್ಯಾಕ್ಟೀರಿಯಾ ಇದಾವೆ ದೇವಪ್ಪಣ್ಣ, ಒಳ್ಳೆಯವು. ರೋಗದ್ದು ಬರೋಕೆ ಮುಂಚೆ ಎಲೆ ಮೇಲೆ ಜಾಗ ಹಿಡೀತವೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಅದರ ಊಟಾನೂ ಇವೇ ತಿಂತವೆ. ಚುಕ್ಕಿ ಬಿದ್ದ ಎಲೆ ವಾಸಿ ಆಗಲ್ಲ, ಹೊಸ ಚಿಗುರು ಉಳೀಬಹುದು."

"ಇಷ್ಟು ವರ್ಷ ಕೊಂದಿದ್ದೇ ಕೊಂದಿದ್ದು. ಈಗ ಸಾಕಬೇಕಾ ಮಾರಾಯ್ತಿ?" ಎಂದ ದೇವಪ್ಪ.

"ಸಾಕಿ ನಂಗೆ ಅಭ್ಯಾಸ ಇದೆ, ಒಂದನ್ನ ಸಾಕ್ತಾ ಇಲ್ವಾ," ಎಂದು ವೆಂಕಮ್ಮ ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು.

ಎರಡು ತಿಂಗಳು ದೇವಪ್ಪ, ಚೈತ್ರ ಹೇಳಿದ ದಿನಕ್ಕೆ ತಪ್ಪದೆ, ಬಿಸಿಲಿಳಿದ ಮೇಲೆ ಹೊಡೆದ. ಚುಕ್ಕಿ ನಿಲ್ಲಲಿಲ್ಲ. ಇಪ್ಪತ್ತಾರು ಬಳ್ಳಿಗಳು ಹೋದವು. ಚೈತ್ರಳಿಗೂ ಕಾರಣ ಹೊಳೆಯಲಿಲ್ಲ. ಒಂದು ಸಂಜೆ ನಾನೂ ಅವಳೂ ಹೇಳದೆ ಹೋದಾಗ ಅವನ ಬಕೆಟ್ಟಿನ ನೀರು ತೆಳು ನೀಲಿಯಾಗಿತ್ತು.

"ಇದೆಂತ ಅಣ್ಣ?" ಎಂದಳು ಚೈತ್ರ.

"ಒಂಚೂರು ಮೈಲುತುತ್ತ, ಬಣ್ಣಕ್ಕೆ. ಎಲೆ ಹೆಂಗೂ ಕೊಯ್ತಾ ಇಲ್ವಲ್ಲ. ನಿನ್ನ ಔಷಧಿ ನೀರಿನ ಹಾಗಿದೆ. ಯಾವ ಬಳ್ಳಿಗೆ ಬಿತ್ತು, ಯಾವುದಕ್ಕೆ ಇಲ್ಲ, ಗೊತ್ತಾಗದು ಹೆಂಗೆ?"

ಚೈತ್ರ ಬಕೆಟ್ಟಿನ ಮುಂದೆ ಕುಕ್ಕರಿಸಿ ಕುಳಿತಳು. "ರೋಗ ನಿಲ್ಲಿಸೋಕೆ ಇಷ್ಟು ಸಾಲದು ಅಣ್ಣ. ಒಳ್ಳೆಯವನ್ನ ಸಾಯಿಸೋಕೆ ಸಾಕು."

"ನೀಲಿ ತಲೆಗೂ ಹತ್ತಿದೆ," ಎಂದು ವೆಂಕಮ್ಮ ಒಳಗೆ ಹೋದಳು. ದೇವಪ್ಪ ಬಕೆಟ್ಟಿನ ನೀರು ಚೆಲ್ಲಿ, ಬಕೆಟ್ಟನ್ನೇ ಕವುಚಿ ಹಾಕಿ ಅದರ ಮೇಲೆ ಕುಳಿತ. ಬೆರೆಸಬಾರದೆಂದು ಚೈತ್ರಳೂ ಹೇಳಿರಲಿಲ್ಲ. ಅವನ ನೀಲಿಯ ಮಾತನ್ನು ಮೊದಲ ದಿನವೇ ಕೇಳಿದ್ದ ನನಗೂ ನೆನಪಾಗಿರಲಿಲ್ಲ.

ಈಗ ಉಳಿದಿರುವುದು ಹದಿನಾಲ್ಕು ಬಳ್ಳಿ. ಚುಕ್ಕಿ ಪೂರ್ತಿ ಹೋಗಿಲ್ಲ. ಚಿಗುರು ಮಾತ್ರ ಹೆಚ್ಚಿನದು ಚೊಕ್ಕಟವಾಗಿ ಬರುತ್ತಿದೆ. ಸಂತೆಗೆ ಒಂದೆರಡು ಕಟ್ಟು ಹೋದರೆ ಹೆಚ್ಚು. ಹಳೆಯದರಲ್ಲಿ ಮೈಲುತುತ್ತ ಉಳಿದೀತೆಂದು ಬಕೆಟ್ಟೂ ಔಷಧಿ ಹೊಡೆಯುವ ಪಂಪೂ ಹೊಸವು. ಬಣ್ಣ ಕಾಣದ್ದರಿಂದ ದೇವಪ್ಪ ಹೊಡೆದ ಬಳ್ಳಿಗೆ ಒಂದೊಂದು ಬಾಳೆನಾರು ಕಟ್ಟುತ್ತಾನೆ. ನಡುನಡುವೆ ಪಂಪನ್ನು ಇಳಿಸಿ ಭುಜ ಒತ್ತಿಕೊಳ್ಳುತ್ತಾನೆ. ಮುಗಿಯಿತೆಂದು ಅವನು ಜಗಲಿಗೆ ಬಂದು ಕುಳಿತರೆ, ವೆಂಕಮ್ಮ ಹೋಗಿ ನಾರುಗಳನ್ನು ಎಣಿಸುತ್ತಾಳೆ.

"ಹದಿಮೂರೇ ಇದಾವೆ," ಎಂದು ಮೊನ್ನೆ ಅಲ್ಲಿಂದಲೇ ಕೂಗಿದಳು.

ದೇವಪ್ಪ ಎದ್ದು ಮತ್ತೆ ಪಂಪನ್ನು ಬೆನ್ನಿಗೇರಿಸಿದ.