ಎಡಗೈ ಗಂಟು

ನಮ್ಮೂರ ಹೊಳೆದಂಡೆಯ ಅಂಬಿಗರ ಓಣಿಯಲ್ಲಿ ಹರಿದ ಬಲೆ ಸರಿಮಾಡುವುದರಲ್ಲಿ ಮೌನಮ್ಮನನ್ನು ಮೀರಿಸುವವರಿರಲಿಲ್ಲ. ಅವಳು ಎಡಚಿ, ಅವಳ ಗಂಟು ಎಡಕ್ಕೆ ತಿರುಗಿರುತ್ತಿತ್ತು, ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿತ್ತು. ಅಂಥವಳನ್ನು ಆ ವರ್ಷ ಹಿತ್ತಲ ಗುಡಿಸಲಿನಲ್ಲಿ ಕೂಡಿಸಿದ್ದರು. ಮುಟ್ಟಾದ ಹೆಂಗಸು ಒಲೆ, ಬಲೆ, ಹರಗೋಲು ಮುಟ್ಟಬಾರದು. ರಕ್ತ ನಿಂತ ಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಮೌನಮ್ಮನಿಗೆ ನಿಲ್ಲಲೇ ಇಲ್ಲ. ಸುಗ್ಗಿ ಹೋಗಿ ಬೇಸಿಗೆ ಬಂದರೂ ತನ್ನ ಒಲೆಯ ಮುಂದೆ ಕೂರುವ ಭಾಗ್ಯ ಅವಳಿಗೆ ಬರಲಿಲ್ಲ.

ನಾವು ಅಂಗಡಿಯವರು, ಲಿಂಗ ಕಟ್ಟಿದವರು. ನಮಗೆ ಮುಟ್ಟಿನ ಮೈಲಿಗೆ ಇಲ್ಲವೆಂದು ನಮ್ಮವ್ವ ಪಾರ್ವತಿಬಾಯಿ ದೊಡ್ಡಸ್ತಿಕೆಯಿಂದ ಹೇಳುತ್ತಿದ್ದಳು. ಹೇಳುವುದು ಸುಲಭ. ಆದರೆ ಮೌನಮ್ಮನ ಬಿಳಿಚಿದ ಮುಖ ನೋಡಲಾರದೆ ಅವಳನ್ನು ಬಂಡಿಯಲ್ಲಿ ಸುರಪುರಕ್ಕೆ ಕರೆದೊಯ್ದವಳೂ ಅವ್ವನೇ. ನಿಜಾಮರ ರಾಜ್ಯ ಹೋಗಿ ಹಿಂದುಸ್ತಾನಕ್ಕೆ ಸೇರಿದ ಹೊಸತು; ದವಾಖಾನೆಗೆ ಹೆಣ್ಣು ಡಾಕ್ಟರೊಬ್ಬರು ಬಂದಿದ್ದರು. ಮೌನಮ್ಮನ ಗಂಡ ಭಾಗಣ್ಣನೂ ಜೊತೆಗಿದ್ದ. ಗರ್ಭದ ಬಾಯಿಯಲ್ಲಿ ಹುಣ್ಣಾಗಿದೆ, ಇದು ಮುಟ್ಟಲ್ಲ, ಗಾಯದ ರಕ್ತ ಎಂದು ಡಾಕ್ಟರು ಅವನಿಗೇ ಬಿಡಿಸಿ ಹೇಳಿ ಔಷಧ ಕೊಟ್ಟರು.

ಬಂಡಿಯಲ್ಲಿ ಬರುವಾಗ ಭಾಗಣ್ಣನೇ ಬಾಯಿಬಿಟ್ಟ. "ಕಾಲಿಗೆ ಮುಳ್ಳು ನೆಟ್ಟು ರಕ್ತ ಬಂದ್ರ ಯಾರರ ಹೊರಗ ಕೂಡ್ತಾರೇನು? ಒಳಗ ಬಾ. ಹಿರ್ಯಾರಿಗೆ ನಾ ಹೇಳ್ತೀನಿ."

ಮೌನಮ್ಮ ಸಂತೋಷಕ್ಕೆ ಅತ್ತಳಂತೆ. ಮರುದಿನ ಅವನೇ ಹರಿದ ಬಲೆಯನ್ನು ಹೆಗಲ ಮೇಲೆ ಹೊತ್ತು ತಂದು ಅವಳ ಮುಂದೆ ಹಾಕಿದ. ಒಲೆಯ ಪಕ್ಕದಲ್ಲೇ ಕೂತು ಅವಳು ಸರಿಮಾಡಿದಳು. ಹಿರಿಯರಿಗೆ ಮಾತ್ರ ಅವನು ಹೇಳಿರಲಿಲ್ಲ.

ಆ ವಾರವೇ ಬಲೆ ಬಂಡೆಗೆ ಸಿಕ್ಕು ಹರಗೋಲು ಮಗುಚಿತು. ಭಾಗಣ್ಣನ ತಮ್ಮ ಗುರಣ್ಣನ ಕಾಲು ಮುರಿಯಿತು. ಗಂಗಮ್ಮ ಮುನಿದಳೆಂದು ಹಿರಿಯರು ಕಟ್ಟೆಯ ಮೇಲೆ ಕೂಡಿ, ಬಲೆ ತರಿಸಿ ತಡವಿ ನೋಡಿದರು. ಹೊಸ ದಾರಕ್ಕೆ ಎಡಗೈ ಗಂಟು. ಹೊರಗೆ ಕೂತವಳ ಕೈಗೆ ಬಲೆ ಕೊಟ್ಟವರ್ಯಾರು ಎಂದು ಕೇಳಿದರು. ಮೌನಮ್ಮ ಹೆದರಲಿಲ್ಲ, ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

"ನನಗ ಗೊತ್ತಿಲ್ರಿ. ನಿಂತಿಲ್ಲನ್ನೋದು ಮುಚ್ಚಿಟ್ಟು ಒಳಗ ಬಂದಾಳ."

ಅವ್ವ ಎದ್ದು ಡಾಕ್ಟರ ಮಾತು ಹೇಳಿದಳು. ಅಂಗಡಿಯವರಿಗೆ ಹೊಳೆಯ ನೇಮ ಏನು ಗೊತ್ತೆಂದು ಅವಳ ಬಾಯಿ ಮುಚ್ಚಿಸಿದರು. ಮೌನಮ್ಮ ಗುಡಿಸಲಿಗೆ ನಡೆದಳು. ಭಾಗಣ್ಣ ಹೇಡಿ. ಅವನ ಹೆಸರೆತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಔಷಧ ಮಾತ್ರ ಕೈಬಿಡಲಿಲ್ಲ. ಮಳೆಗಾಲಕ್ಕೆ ಮುಂಚೆ ರಕ್ತ ನಿಂತಿತು. ತಲೆಗೆ ನೀರು ಹಾಕಿಕೊಂಡು ಮನೆ ಸೇರಬಹುದೆಂದು ಹಿರಿಯರು ಅಪ್ಪಣೆ ಕೊಟ್ಟರು. ಭಾಗಣ್ಣ ಕರೆಯಲು ಬಂದ, ಹೆಗಲ ಮೇಲೆ ಅದೇ ಬಲೆ ಹೊತ್ತುಕೊಂಡು. ಬಂಡೆಗೆ ಹರಿದದ್ದನ್ನು ಸರಿಮಾಡುವುದು ಬೇರೆ ಯಾರಿಂದಲೂ ಆಗಿರಲಿಲ್ಲ.

ಮೌನಮ್ಮ ಬಲೆ ಇಸಿದುಕೊಂಡು ತೊಡೆಯ ಮೇಲೆ ಹರವಿದಳು. ಅವನು ನೆಮ್ಮದಿಯಿಂದ ಬೀಡಿ ಹಚ್ಚಿದ. ಅವಳು ಕುಡುಗೋಲಿನ ಮೊನೆಯಿಂದ ತನ್ನ ಗಂಟುಗಳನ್ನೆಲ್ಲ ಒಂದೊಂದಾಗಿ ಕೊಯ್ದಳು. ಅವನು ಹೌಹಾರಿ ಎದ್ದು ನಿಂತಾಗ ತಲೆಯೆತ್ತಿದಳು.

"ನಾ ಮುಟ್ಟಿದ್ದು ನಿಮಗ ಬ್ಯಾಡಾಗಿತ್ತಲ್ಲ. ತಗದೀನಿ, ಒಯ್ರಿ."

ಗುಡಿಸಲಿನಲ್ಲೇ ಒಲೆ ಹೂಡಿದಳು. ಭಾಗಣ್ಣ ಎಷ್ಟು ಸಲ ಕರೆದರೂ ಅವಳು ಸಾಯುವವರೆಗೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.