ಕುಂಬಳದ ಎಲೆಯ ತೂತು

ಒಂದು ಬೆಳಿಗ್ಗೆ ಕುಂಬಳದ ಎಲೆ ಎತ್ತಿ ನೋಡಿದರೆ ಅದರೊಳಗಿಂದ ಆಕಾಶ ಕಾಣಿಸಿತು. ಹಿಂದಿನ ವಾರವಷ್ಟೇ ಅಂಗೈಗಿಂತ ಅಗಲವಾಗಿ, ದಪ್ಪನಾಗಿ ಹರಡಿಕೊಂಡಿದ್ದ ಎಲೆ ಈಗ ಜರಡಿಯಾಗಿತ್ತು. ಪಕ್ಕದ್ದನ್ನು ಎತ್ತಿದೆ, ಅದೂ ಹಾಗೇ. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಬಳ್ಳಿ ನೋಡಿದೆ. ಅಲ್ಲಿ ಎಲೆಗಳೇ ಉಳಿದಿರಲಿಲ್ಲ, ನರಗಳಷ್ಟೇ ಇದ್ದವು. ಅತ್ತೆಯನ್ನು ಕೂಗಿದೆ.

ಕಮಲಾಪುರಕ್ಕೆ ನಾನು ಸೊಸೆಯಾಗಿ ಬಂದು ಅದು ಎರಡನೆಯ ಮಳೆಗಾಲ. ನಮ್ಮ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ. ನಮ್ಮ ಯಜಮಾನರು ಬಾಳೆ ತೋಟ ನೋಡಿಕೊಳ್ಳುತ್ತಿದ್ದರು. ಮನೆ ಹಿಂದಿನ ತುಂಡು ನೆಲ ಮಾತ್ರ ಅತ್ತೆಯದು. ಅದಕ್ಕೆ ಅವರು ಮಗನನ್ನೂ ಸೇರಿಸುತ್ತಿರಲಿಲ್ಲ. ಪ್ರತಿ ಮಳೆಗಾಲ ಅಲ್ಲಿ ಕುಂಬಳದ ಬೀಜ ಊರಿ, ಕಾಯಿ ಬಲಿತ ಮೇಲೆ ಮೊದಲ ಗಾಡಿಯನ್ನು ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ದಾಸೋಹಕ್ಕೆ ಕಳಿಸುತ್ತಿದ್ದರು. ಗಂಡ ತೀರಿಹೋದ ವರ್ಷವೂ ತಪ್ಪಿಸಿರಲಿಲ್ಲವಂತೆ.

ನಾನು ಕೂಗಿದ್ದಕ್ಕೆ ಅತ್ತೆ ಓಡಿ ಬಂದರು. ಪಕ್ಕದ ಮನೆಯ ಹೆಂಗಸೂ ಬೇಲಿ ಹತ್ತಿರ ಬಂದು ನಿಂತಳು. ಅತ್ತೆ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ ಕೇಳಿದರು:

"ಖರೇ ಹೇಳು. ಆ ದಿನದಾಗ ನೀ ಇದರ ಸನೇಕ ಬಂದಿದ್ದೇನು?"

ನಮ್ಮದು ಲಿಂಗ ಕಟ್ಟಿದ ಮನೆ. ಮುಟ್ಟಾದರೆ ಹೊರಗೆ ಕೂರುವ ಪದ್ಧತಿ ಇರಲಿಲ್ಲ. ಆ ದಿನಗಳಲ್ಲೂ ನಾನು ರೊಟ್ಟಿ ಬಡಿಯುತ್ತಿದ್ದೆ, ನೀರು ತರುತ್ತಿದ್ದೆ, ಲಿಂಗಪೂಜೆ ಮಾಡುತ್ತಿದ್ದೆ. ಆದರೆ ಬಳ್ಳಿಯ ಮಾತು ಬೇರೆಯಾಗಿತ್ತು. ಕುಂಬಳ, ಹೀರೆ, ಸೌತೆ ಯಾವುದೇ ಇರಲಿ, ಮುಟ್ಟಾದವಳ ನೆರಳು ಬಿದ್ದರೆ ಬಳ್ಳಿ ಕೆಡುತ್ತದೆ ಎಂದು ಊರೆಲ್ಲ ನಂಬಿತ್ತು. ನನಗೂ ಅವ್ವ ಹಾಗೇ ಹೇಳಿದ್ದಳು.

ನಾನು ಹೋಗಿದ್ದೆ. ಎಂಟು ದಿನದ ಹಿಂದೆ, ಅತ್ತೆ ಮನೆಯಲ್ಲಿಲ್ಲದಾಗ, ಯಾರದೋ ಆಡು ಬೇಲಿ ಹಾರಿ ಒಳಗೆ ಬಂದಿತ್ತು. ಅದನ್ನು ಹೊಡೆದಟ್ಟಲು ಬಳ್ಳಿಗಳ ನಡುವೆಯೇ ಓಡಿದ್ದೆ. ಅದು ನನ್ನ ಮುಟ್ಟಿನ ಎರಡನೆಯ ದಿನ.

"ಇಲ್ಲರೀ ಅತ್ತಿ," ಎಂದೆ.

ಅಂದಿನಿಂದ ಅನ್ನ ಸೇರಲಿಲ್ಲ. ದೇವರ ಪಂಕ್ತಿಗೆ ಹೋಗಬೇಕಾದ ಕಾಯಿಗಳನ್ನು ಹುಟ್ಟುವ ಮುಂಚೆಯೇ ನಾನು ಕೊಂದೆ, ಮೇಲೆ ಸುಳ್ಳನ್ನೂ ಹೇಳಿದೆ. ಮೂರನೆಯ ದಿನ ಯಜಮಾನರು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಟಾಗ, ತವರಿಗೆ ಹೋಗಿ ಬರುತ್ತೇನೆಂದು ಗಾಡಿ ಹತ್ತಿದೆ. ತೂತು ಬಿದ್ದ ಎರಡು ಎಲೆ ನನ್ನ ಸೆರಗಿನ ಗಂಟಿನಲ್ಲಿದ್ದವು.

ನನ್ನ ತವರು ಕಲಬುರಗಿಯ ಪಕ್ಕದ ಕುಸನೂರು. ಅಲ್ಲಿ ಅಪ್ಪ ಬಾವಿಯ ಪಕ್ಕ ಕಾಯಿಪಲ್ಯ ಬೆಳೆಯುತ್ತಿದ್ದ. ಕಲಬುರಗಿಯಲ್ಲಿದ್ದ ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿಗೆ ದೊಡ್ಡವರು ಬಂದಿಳಿದರೆ ಅಲ್ಲಿಯ ಅಡುಗೆಯವರು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವ್ವ ತೀರಿಹೋಗಿ ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ಆ ಹೊಲ ಮಾಡಿದವರು ಅವರಿಬ್ಬರೇ.

ಗಂಟು ಬಿಚ್ಚಿ ಎಲೆ ಕೊಟ್ಟೆ. ಅಪ್ಪ ಅದನ್ನು ಬೆಳಕಿಗೆ ಹಿಡಿದ.

"ತೂತು ದುಂಡಗ ಅದಾವ. ನರ ಬಿಟ್ಟು ನಡುವಿಂದು ತಿಂದದ. ಹುಳ ಕಂಡೇನು?"

"ಮಧ್ಯಾಹ್ನ ನೋಡ್ದೆ. ಒಂದೆರಡು ಕೆಂಪನ ಹುಳ ಹಾರಿ ಹೋದ್ವು."

"ಬಿಸಲಾಗ ನೋಡಿದ್ರ ಹಾರೇ ಹೋಗ್ತಾವ. ಬೆಳಗು ಹರಿಯೋದ್ರಾಗ ಹೋಗು. ಇಬ್ಬನಿಗೆ ತೊಯ್ದು ಎಲಿ ಕೆಳಗ ಮುದುಡಿ ಕುಂತಿರ್ತಾವ. ಕೈಲೆ ಹಿಡಿಬಹುದು." ಸ್ವಲ್ಪ ಯೋಚಿಸಿ ಮತ್ತೆ ಕೇಳಿದ: "ಬಿಸಲಿಗೆ ಬಾಡಿ, ಸಂಜಿಗೆ ಮತ್ತ ಎದ್ದು ನಿಲ್ಲೋ ಬಳ್ಳಿ ಅದಾವೇನು?"

"ಮೂರು ಬಳ್ಳಿ ಹಂಗ ಮಾಡ್ತಾವ."

"ಅವಕ್ಕ ಬುಡದಾಗೂ ಬಿದ್ದದ. ದೊಡ್ಡ ಹುಳ ಎಲಿ ತಿಂತದ, ಅದರ ಮರಿ ಮಣ್ಣಾಗ ಕುಂತು ಬೇರು ತಿಂತದ. ಅವನ್ನ ಕಿತ್ತು ಸುಡು. ಉಳದಿದ್ದಕ್ಕ ಬುಡ ಕೆದರಿ ಬೇವಿನ ಹಿಂಡಿ ಹಾಕು. ಎಲಿಗೆ ಒಲಿ ಬೂದಿ ಜರಡಿ ಹಿಡದು, ಇಬ್ಬನಿ ಇರೋವಾಗ ಉದುರಸು. ಮಳಿಗೆ ತೊಳದು ಹೋದ್ರ ಮತ್ತ ಉದುರಸು. ಇದಕ್ಕ ಅದೇ ದವಾ."

ಅಪ್ಪ ಇಷ್ಟು ಹಗುರವಾಗಿ ಮಾತಾಡುವುದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

"ಅಪ್ಪಾ, ನಾ ಆ ದಿನದಾಗ ಬಳ್ಳಿಯೊಳಗ ಹೋಗಿದ್ದೆ."

ಅಪ್ಪ ಎಲೆಯನ್ನು ಕೆಳಗಿಟ್ಟ. ತಂದೆಯ ಮುಂದೆ ಆಡುವ ಮಾತಲ್ಲ ಅದು. ಬೈಯುತ್ತಾನೆ ಅಂದುಕೊಂಡೆ.

"ನಿಮ್ಮವ್ವ ದಿನಾ ಹೋಗ್ತಿದ್ಲು," ಎಂದ.

ನನಗೆ ತಿಳಿಯಲಿಲ್ಲ. "ಆ ದಿನದಾಗೂ?"

"ಯಾವಾಗೂ. ಮದಿವ್ಯಾದ ಹೊಸದಾಗಿ ನಾನ ತಡದೆ. 'ಹುಳ ನನ್ನ ದಿನ ಎಣಿಸಿ ಬರ್ತದೇನು?' ಅಂದ್ಲು. ಆಮ್ಯಾಲ ನಾ ತಡಿಲಿಲ್ಲ."

ನಾನು ದೊಡ್ಡವಳಾದ ದಿನ ಅವ್ವ ನನ್ನ ಗಲ್ಲ ಹಿಡಿದು, ಬಳ್ಳಿ ಹತ್ತಿರ ಕಾಲಿಡಬೇಡ ಎಂದು ಹೇಳಿದ್ದು ಕಣ್ಣಿಗೆ ಕಟ್ಟಿತು. ಅದೇ ಹೆಂಗಸು ಜೀವಮಾನವಿಡೀ ಆ ಬಳ್ಳಿಗಳ ನಡುವೆಯೇ ಓಡಾಡಿದ್ದಳು, ಆ ಕಾಯಿಗಳನ್ನು ಇಡೀ ಪೇಟೆ ತಿಂದಿತ್ತು.

"ಮತ್ತ ನನಗ್ಯಾಕ ಬ್ಯಾಡ ಅಂದ್ಲು?"

"ನೀ ಮಂದಿ ಮನಿಗೆ ಹೋಗಾಕಿ. ಅಲ್ಲಿ ಬೈಸ್ಕೋಬಾರದು ಅಂತ."

ಕಮಲಾಪುರಕ್ಕೆ ಮರಳಿದ ಮರುದಿನ, ಬೆಳಕು ಮೂಡುವಾಗ ಹಿತ್ತಲಿಗೆ ಹೋದೆ. ಎಲೆ ಮಗುಚಿದರೆ ಅಪ್ಪ ಹೇಳಿದ ಹಾಗೇ ಇತ್ತು. ಜೋಳದ ಕಾಳಿನಷ್ಟು ದೊಡ್ಡ ಕೆಂಪು ಹುಳಗಳು ಸಾಲಾಗಿ ಅಂಟಿ ಕೂತಿದ್ದವು. ನೀರು ತುಂಬಿದ ಗಡಿಗೆಗೆ ಒಂದೊಂದಾಗಿ ಉದುರಿಸಿದೆ. ಬಾಡುತ್ತಿದ್ದ ಬಳ್ಳಿಯೊಂದನ್ನು ಕಿತ್ತೆ. ಬೇರಿನೊಳಗೆ ಕೆನೆಬಣ್ಣದ ಮರಿಹುಳಗಳು ಮಿಸುಕಾಡುತ್ತಿದ್ದವು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬೇರನ್ನು ಕೈಗೆ ತೆಗೆದುಕೊಂಡು ನೋಡಿದರು. "ಹುಳ ಬಂದದ ಖರೆ. ಯಾಕ ಬಂತು ಅನ್ನೋದು ಬ್ಯಾರೆ," ಎಂದು ಹೇಳಿ ಒಳಗೆ ಹೋದರು. ಆದರೆ ಒಲೆಯ ಬೂದಿಯನ್ನು ಆಮೇಲೆ ಪಾತ್ರೆ ತಿಕ್ಕಲು ತೆಗೆಯಲಿಲ್ಲ, ನನಗೇ ಬಿಟ್ಟರು.

ಎರಡು ವಾರ ಒಂದು ದಿನವೂ ಬಿಡದೆ ಹುಳ ಆರಿಸಿ ಬೂದಿ ಹಾಕಿದೆ. ಬಳ್ಳಿಯ ತುದಿಯಲ್ಲಿ ತೂತಿಲ್ಲದ ಎಳೆ ಎಲೆ ಬಂತು. ಅಷ್ಟರಲ್ಲಿ ನನ್ನ ದಿನ ಬಂತು. ಮೂರು ದಿನ ಬಿಟ್ಟರೆ ಆ ಚಿಗುರನ್ನೂ ಹುಳ ತಿನ್ನುತ್ತದೆಂದು ಗೊತ್ತಿತ್ತು. ಗಡಿಗೆ, ಬೂದಿ ಎತ್ತಿಕೊಂಡು ಹೋದೆ. ಮೊದಲ ದಿನ ಯಾರೂ ನೋಡಲಿಲ್ಲ. ಎರಡನೆಯ ದಿನ ತಲೆಯೆತ್ತಿದರೆ ಅತ್ತೆ ಎದುರಿಗೇ ನಿಂತಿದ್ದರು.

"ಎಷ್ಟನೇ ದಿನ?"

ಈ ಸಲ ಸುಳ್ಳು ಬರಲಿಲ್ಲ. "ಎರಡನೇದರೀ."

"ನಿನ್ನಿನೂ ಬಂದಿದ್ದಿ?"

"ಹೂಂರೀ. ಹಿಂದೂ ಒಮ್ಮೆ ಬಂದಿದ್ದೆ. ಆಡು ಹೊಕ್ಕಿತ್ತು."

ಅತ್ತೆ ತಿರುಗಿ ಒಳಗೆ ಹೊರಟುಹೋದರು. ಆ ದಿನ ನನ್ನ ಗಂಗಾಳಕ್ಕೆ ಬಡಿಸಿದರು, ಆದರೆ ಮುಖ ನೋಡಲಿಲ್ಲ. ಮಗನಿಗೆ ಹೇಳುತ್ತಾರೆ, ನನ್ನನ್ನು ತವರಿಗೆ ಕಳಿಸುತ್ತಾರೆ ಎಂದು ಕಾದೆ. ಸಂಜೆ ಪಕ್ಕದ ಮನೆಯವಳು ಬಂದಳು. "ಬಳ್ಳಿ ಚಿಗತದಲ್ಲ, ಸೊಸಿನ್ನ ದೂರ ಇಟ್ಟಿದ್ದೇನು?" ಎಂದು ಕೇಳಿದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು.

"ದೂರನ ಅದಾಳ," ಎಂದರು ಅತ್ತೆ.

ಸುಳ್ಳು ಹೇಳುವ ಹೆಂಗಸಲ್ಲ ಅವರು.

ಬಳ್ಳಿಗಳಲ್ಲಿ ಅರ್ಧದಷ್ಟು ಉಳಿದವು. ಕಾಯಿ ಕಡಿಮೆ, ಆದರೆ ಒಳ್ಳೆಯ ಗಾತ್ರದವು. ದಾಸೋಹಕ್ಕೆ ಕಳಿಸುವ ದಿನ ಅತ್ತೆ, "ನೀನೂ ಗಾಡಿ ಹತ್ತು," ಎಂದರು. ಯಜಮಾನರು ಮುಂದೆ ಕೂತು ಎತ್ತು ಹೊಡೆಯುತ್ತಿದ್ದರು. ನಾವಿಬ್ಬರೂ ಹಿಂದೆ, ಕಾಯಿಗಳ ನಡುವೆ. ಊರು ದಾಟಿದ ಮೇಲೆ ಅತ್ತೆ ಸಣ್ಣ ದನಿಯಲ್ಲಿ ಶುರುಮಾಡಿದರು.

"ನಾನೂ ಒಮ್ಮೆ ಹೋಗಿದ್ದೆ. ನಿನಗಿಂತ ಸಣ್ಣಾಕಿ ಇದ್ದೆ. ಹೂವ ಚಂದ ಕಂಡ್ವು, ಹರಿಲಿಕ್ಕೆ ಹೋದೆ. ಆ ವರ್ಷ ಬಳ್ಳಿ ಪೂರಾ ಹೋಯ್ತು. ನಮ್ಮತ್ತಿ ಬಾರಕೋಲಿಲೆ ಹೊಡದ್ರು. ಎಂಟು ದಿನ ಏಳಲಿಲ್ಲ ನಾ."

ಎತ್ತು ಹೊಡೆಯುವ ಬಾರಕೋಲು.

"ನಾನ ಕೆಡಸ್ದೆ ಅಂತನೇ ಇಷ್ಟು ವರ್ಷ ದೇವರಿಗೆ ಕಾಯಿ ಕಳಸ್ಕೋತ ಬಂದೆ. ಮೊನ್ನಿ ನೀ ಬೇರು ತೋರಿಸಿದ್ದಿ ನೋಡು..." ಅತ್ತೆ ಒಂದು ಕಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. "ಆವಾಗ ಯಾರೂ ಬುಡ ಅಗದು ನೋಡ್ಲಿಲ್ಲವ್ವ. ಒಬ್ರೂ ನೋಡ್ಲಿಲ್ಲ."

ಸರಿದು ಅವರಿಗೆ ಒತ್ತಿ ಕೂತೆ. ಕಲಬುರಗಿ ಬರುವವರೆಗೂ ಅವರು ಕಾಯಿ ಹಿಡಿದುಕೊಂಡೇ, ಹಿಂದೆ ಸರಿಯುವ ದಾರಿಯನ್ನು ನೋಡುತ್ತ ಕೂತಿದ್ದರು.