ಮಂಗಳವಾರದ ಎತ್ತು

ನನ್ನ ಮೊಬೈಲಿನಲ್ಲಿರುವ ಟಿಪ್ಪಣಿ ಆ್ಯಪ್ ವಾರಕ್ಕೊಮ್ಮೆ ನನ್ನ ಅಭಿಪ್ರಾಯ ಕೇಳುತ್ತದೆ. ಐದು ನಕ್ಷತ್ರದಲ್ಲಿ ಎಷ್ಟು ಕೊಡುತ್ತೀರಿ ಎನ್ನುತ್ತದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಬೀಗರಿಗೆ ಊಟ ಬಡಿಸಿದರೂ ನಾವು ಹೀಗೆ ಮೇಲಿಂದ ಮೇಲೆ ‘ಹೇಗಿತ್ತು’ ಎಂದು ಕೇಳುವುದಿಲ್ಲ.

ನಾನು ಸೇಡಂ ತಾಲ್ಲೂಕಿನಲ್ಲಿ ದನಕರುಗಳ ಆರೋಗ್ಯ ನೋಡುವ ಪರೀಕ್ಷಕಿ. ಡಾಕ್ಟರಲ್ಲ. ಆದರೂ ಆಡಕಿ ಸುತ್ತಿನ ಹಳ್ಳಿಗಳಲ್ಲಿ ಡಾಕ್ಟರಬಾಯಿ ಎಂದೇ ಕರೆಯುತ್ತಾರೆ, ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ನೋಡಿದ ದನಗಳ ವಿವರವನ್ನು ದಿನಚರಿ ಪುಸ್ತಕದಲ್ಲೇ ಬರೆದೆ. ಶಹಾಬಾದಿನ ಶಾಲೆಯಲ್ಲಿ ಕಲಿಸುವ ನನ್ನ ತಂಗಿ ಒಂದು ದಿನ ಮೊಬೈಲು ಕಸಿದುಕೊಂಡು ಈ ಆ್ಯಪ್ ಹಾಕಿಕೊಟ್ಟಳು. “ಅಕ್ಕಾ, ಸಣ್ಣ ಸಣ್ಣ ಚೀಟಿ ಬರದಂಗ ಬರಿ. ಯಾವ್ದಾರ ಒಂದು ಶಬ್ದಕ್ಕ ಗುರ್ತು ಹಾಕು. ಆ ಶಬ್ದ ಎಲ್ಲೆಲ್ಲಿ ಬರದೀಯೋ ಅವೆಲ್ಲ ತಾವೇ ಬಂದು ಕೂಡ್ತಾವ” ಎಂದಳು.

ಅವಳ ಗಂಡ ವಾಡಿಯಲ್ಲಿ ರೈಲ್ವೆ ನೌಕರ. “ಅಕ್ಕಾರ, ಇದು ಕೆಲಸ ಇಲ್ಲದವರ ಕೆಲಸ. ನನಗ ಕಿಸೆದಾಗಿನ ಚೀಟಿ ಸಾಕು” ಎಂದರು. ಆ ಚೀಟಿಗಳನ್ನು ತಂಗಿ ವಾರಕ್ಕೊಮ್ಮೆ ಪ್ಯಾಂಟಿನ ಜೊತೆ ಒಗೆದು ಒಣಹಾಕುತ್ತಾಳೆ. ಚಿತ್ತಾಪುರದಲ್ಲಿರುವ ನನ್ನ ಜೊತೆಯವಳೊಬ್ಬಳು ಅದೇ ಆ್ಯಪಿನಲ್ಲಿ ಮೂವತ್ತು ಶೀರ್ಷಿಕೆ ಮಾಡಿ, ಬಣ್ಣ ಹಚ್ಚಿ, ಒಳಗೆ ಒಂದು ಸಾಲೂ ಬರೆಯದೆ ಕೂತಿದ್ದಾಳೆ. ಆದರೂ ಐದು ನಕ್ಷತ್ರ ಕೊಟ್ಟಿದ್ದಾಳೆ! ಬಳಸುವವರು ಬರೆದ ಅಭಿಪ್ರಾಯಗಳನ್ನೂ ಓದಿದೆ. ಒಬ್ಬರು ‘ಬರೆದದ್ದೆಲ್ಲ ಮಾಯವಾಯಿತು’ ಎಂದು ಅತ್ತಿದ್ದರು. ಇನ್ನೊಬ್ಬರು ‘ಇದು ನನ್ನ ಎರಡನೆಯ ಮಿದುಳು’ ಎಂದಿದ್ದರು. ಮೊದಲನೆಯದು ಎಲ್ಲಿದೆ ಎಂದು ಅವರನ್ನು ಕೇಳಬೇಕೆನಿಸಿತು.

ಆಗ ನನ್ನ ತಲೆ ತಿನ್ನುತ್ತಿದ್ದದ್ದು ಒಂದು ಎತ್ತು. ಆಡಕಿ ಹತ್ತಿರದ ಹಳ್ಳಿಯ ಗಂಡಹೆಂಡತಿಯ ಜೋಡೆತ್ತಿನಲ್ಲಿ ಅದೊಂದು. ಎರಡನ್ನೂ ಹೆಂಡತಿಯೇ ಕರುವಿನಿಂದ ಸಾಕಿದವಳು. ಒಂದು ಹತ್ತಿರ ಹೋದರೆ ಕೊಂಬಿನಿಂದ ಹಾಯುತ್ತಿತ್ತು. ಇನ್ನೊಂದು ಭಾರೀ ಸಾಧು, ಯಾರು ಬಂದರೂ ಮೂತಿ ಮುಂದೆ ಮಾಡುತ್ತಿತ್ತು. ಈ ಸಾಧು ಎತ್ತಿನ ಹೊಟ್ಟೆ ಮತ್ತೆ ಮತ್ತೆ ಉಬ್ಬುತ್ತಿತ್ತು. ಬೆಳಗ್ಗೆ ಹೋಗಿ ನೋಡಿದರೆ ಎಡಪಕ್ಕೆ ನಗಾರಿಯಂತೆ ಬಿಗಿದಿರುತ್ತಿತ್ತು. ನಾನು ಎಣ್ಣೆ ಕುಡಿಸಿ, ಬಾಯೊಳಗೆ ಕೊಳವೆ ಇಳಿಸಿ ಗಾಳಿ ತೆಗೆಯುತ್ತಿದ್ದೆ. ಏನು ತಿನ್ನಿಸಿದಿರಿ ಎಂದರೆ ಪ್ರತಿಸಲ ಒಂದೇ ಉತ್ತರ: ಜೋಳದ ಕಣಿಕಿ, ಅಂದರೆ ಒಣ ದಂಟು, ಮತ್ತು ತೊಗರಿ ಹೊಟ್ಟು. ಅವರು ಸುಳ್ಳು ಹೇಳುವವರಲ್ಲ.

ಐದನೆಯ ಸಲ ಉಬ್ಬಿದಾಗ ಗಂಡನಿಗೆ ಸಾಕಾಗಿತ್ತು. “ಇನ್ನೊಂದು ಸಲ ಹಿಂಗಾಯ್ತಂದ್ರ ಸಂತಿಗಿ ಹೊಡಿತೀನ್ರಿ. ನಟ್ಟನಡು ಹಂಗಾಮದಾಗ ಇದು ಮಲಗಿದ್ರ ಗಳೇ ಯಾರು ಎಳೀಬೇಕು?” ಎಂದ. ಕಾಯಿಲೆ ಎತ್ತು ಸಂತೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿದ್ದ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಎತ್ತಿನ ಕೊರಳಿಗೆ ಕೈ ಹಾಕಿ, “ಡಾಕ್ಟರಬಾಯಾರ, ಇದಕ್ಕ ಏನಾಗ್ಯದ ಅಂತ ಒಂದೇ ಒಂದು ಸಲ ಹೇಳ್ರಿ” ಎಂದಳು. ಕೊಳವೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ನಾಚಿಕೆಯಾಯಿತು.

ಅವತ್ತು ಮಧ್ಯಾಹ್ನ ಸೇಡಂ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ‘ಹೊಟ್ಟೆ ಉಬ್ಬರ’ ಎಂಬ ಶಬ್ದವನ್ನು ಒತ್ತಿದೆ. ಎರಡು ಹಂಗಾಮಿನ ಟಿಪ್ಪಣಿಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. ನಾನು ಬರೆಯದಿದ್ದರೂ ದಿನ, ವಾರಗಳನ್ನು ಆ್ಯಪ್ ತಾನೇ ಹಾಕಿಕೊಂಡಿತ್ತು. ಆ ಎತ್ತಿನವು ಐದು ಟಿಪ್ಪಣಿ. ಐದೂ ಮಂಗಳವಾರ.

ಚಹಾ ಆರಿಹೋಯಿತು. ಅದೇ ಓಣಿಯ ಇನ್ನೆರಡು ಎತ್ತುಗಳ ಟಿಪ್ಪಣಿ ಇತ್ತು, ಅವೂ ಮಂಗಳವಾರ. ಎಮ್ಮೆ, ಆಕಳುಗಳು ಮಾತ್ರ ಯಾವ ವಾರ ಬೇಕಾದರೂ ಮಲಗಿದ್ದವು. ಬರೆದವಳು ನಾನೇ, ಔಷಧ ಕೊಟ್ಟವಳೂ ನಾನೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ನನಗೇ ಗೊತ್ತಿಲ್ಲದ ಸಂಗತಿಯೊಂದು ನನ್ನದೇ ಬರಹದಲ್ಲಿ ಇಷ್ಟು ದಿನ ಕೂತಿತ್ತಲ್ಲ ಎಂದು ನಾನು ಬೆರಗಾಗಿ ಹೋದೆ.

ಮಂಗಳವಾರ ಎಂದರೆ ಹಿಂದಿನ ದಿನ ಸೋಮವಾರ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಆಕಳು, ಎಮ್ಮೆಗೆ ಆ ರಜೆ ಇಲ್ಲ. ಹಾಗಾದರೆ ಆ ರಜೆಯಲ್ಲಿ ಎತ್ತಿಗೆ ಏನಾಗುತ್ತದೆ? ಮುಂದಿನ ಸೋಮವಾರ ಸ್ಕೂಟಿ ಹತ್ತಿ ಹೋದೆ. ಗಂಡಹೆಂಡತಿ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು. ಎತ್ತುಗಳನ್ನು ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದರು. ಎದುರು ಮನೆಯ ಕಟ್ಟೆಯ ಮೇಲೆ ಕೂತೆ.

ಹೊತ್ತು ನೆತ್ತಿಗೆ ಬಂದಾಗ ಒಬ್ಬಳು ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ತಾಟು, ತಾಟಿನಲ್ಲಿ ಗೋದಿ ಹುಗ್ಗಿ. ಸಾಧು ಎತ್ತಿನ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಂದು ಹಿಡಿ ತಿನ್ನಿಸಿ ಹೋದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಅತ್ತೆಸೊಸೆಯರು. ಆ ಓಣಿಯಲ್ಲಿ ಸೋಮವಾರ ಒಪ್ಪತ್ತು ಮಾಡುವವರು ಹೆಚ್ಚು. ಬಸವಣ್ಣನಿಗೆ ಒಂದು ತುತ್ತು ಕೊಡದೆ ತಾವು ಉಣ್ಣುವುದಿಲ್ಲ. ಹಾಯುವ ಎತ್ತಿನ ಹತ್ತಿರ ಹೋಗಲು ಹೆದರಿಕೆ, ಓಣಿಯ ಬೇರೆ ಎತ್ತುಗಳಿಗೆ ಒಮ್ಮೊಮ್ಮೆ ಸಿಕ್ಕರೂ ಹೆಚ್ಚಿನವರ ತುತ್ತು ಸಾಧುವಿನ ಬಾಯಿಗೇ. ನಾನು ಹದಿನಾರು ಹಿಡಿ ಎಣಿಸಿದೆ. ದುಡಿಮೆ ಇಲ್ಲದ ದಿನ, ಒಣ ಮೇವಿನ ಹೊಟ್ಟೆ, ಅದರ ಮೇಲೆ ಬೆಲ್ಲ ಗೋದಿ. ಅತಿಯಾದರೆ ಅಮೃತವೂ ವಿಷ.

ಗಂಡಹೆಂಡತಿ ಹೊಲದಿಂದ ಬಂದಾಗ ನನ್ನ ತಾಳ್ಮೆ ಮುಗಿದಿತ್ತು. ಓಣಿಗೆ ಕೇಳುವಂತೆ ಕೂಗಿದೆ, “ಎಲ್ಲಾರೂ ಕೂಡಿ ಪ್ರೀತಿ ಮಾಡೇ ಕೊಲ್ಲಾಕತ್ತೀರಲ್ಲ!”

ಹೆಂಗಸರು ಹೊರಗೆ ಬಂದರು. ಪ್ರತಿಯೊಬ್ಬಳೂ ಅದನ್ನೇ ಹೇಳಿದಳು: “ನಾ ಒಂದೇ ತುತ್ತು ಕೊಟ್ಟೀನ್ರಿ.” ಅದು ಖರೇ. ಒಬ್ಬರ ತುತ್ತು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಎತ್ತಿನ ಒಡತಿ ನೆಲಕ್ಕೆ ಕುಸಿದು ಅಳತೊಡಗಿದಳು. ಆಗ ನನ್ನ ಬಾಯಿಯ ಮೇಲೆ ನನಗೇ ಬೇಸರವಾಯಿತು. ದೇವರಿಗೆ ಕೊಡಬೇಡಿ ಎಂದು ಹೇಳಲು ನಾನು ಯಾರು?

ಓಣಿಯ ಹಿರಿಯಳೊಬ್ಬಳು ದಾರಿ ತೋರಿಸಿದಳು. “ಬಸವಣ್ಣಗ ಹುಗ್ಗಿನೇ ಬೇಕಂತ ಯಾರು ಹೇಳ್ಯಾರ? ಹುಲ್ಲು ತಿನ್ನೋ ದೇವ್ರು ಅವ. ಮುಂದಿನ ಸೋಮಾರದಿಂದ ಒಂದೊಂದು ಕಣಿಕಿ ಎಸಳು ತಿನ್ನಸ್ರಿ. ಹುಗ್ಗಿ ನಿಮ್ಮ ಮಕ್ಕಳಿಗಿ ಹಾಕ್ರಿ.” ಹೆಂಗಸರು ಒಪ್ಪಿದರು. ಆ ಸಂಜೆ ನಾನು ಮುಂಚಿತವಾಗಿ ಎಣ್ಣೆ ಕುಡಿಸಿ ಬಂದೆ, ಎತ್ತು ಉಳಿಯಿತು. ಗಂಡ ಮಾತ್ರ, “ಬರೋ ವಾರ ಮಂಗಳವಾರ ನೋಡಮು” ಎಂದ.

ಮುಂದಿನ ವಾರ ಆ ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಎತ್ತಿನ ಒಡತಿಯ ಫೋನು ಬಂತು. ಹಾಸಿಗೆಯಲ್ಲೇ ಎದ್ದು ಕೂತೆ.

“ಏನಾಯ್ತವ್ವ?”

“ಏನಿಲ್ರಿ ಡಾಕ್ಟರಬಾಯಾರ. ಗಳೇ ಹೂಡೀವಿ, ಹೊಲಕ್ಕ ಹೊಂಟೀವಿ. ಸುಮ್ನ ಹೇಳಮಂತ ಮಾಡಿದೆ.” ಅವಳ ಮಾತಿನ ಹಿಂದೆ ಕೊರಳ ಗಂಟೆಗಳ ಸಪ್ಪಳ ಕೇಳುತ್ತಿತ್ತು, ಎರಡೂ ಎತ್ತಿನದು.

ಇಷ್ಟು ವರ್ಷದಲ್ಲಿ ನಾನು ರೋಗ ಬಂದ ದಿನಗಳನ್ನಷ್ಟೇ ಬರೆದಿದ್ದೆ. ಅವತ್ತು ಹಾಸಿಗೆಯಲ್ಲೇ ಕೂತು, ಕನ್ನಡಕ ಒರೆಸಿಕೊಂಡು, ಮೊದಲ ಸಲ ಹೀಗೆ ಬರೆದೆ: ಸಾಧು ಎತ್ತು. ಏನೂ ಆಗಿಲ್ಲ.